ಐದು ಸ್ಟಾರ್ ಡಾಕ್ಟರು, ಪಾರ್ಕಿಂಗ್ ಮಾತ್ರ ಇಲ್ಲ

ಹೋಟೆಲು, ಸಿನಿಮಾ, ಸಲೂನು, ಪಿಜಿ ಎಲ್ಲಕ್ಕೂ ಸ್ಟಾರ್ ಕೊಡೋದು ಕಲಿತ ನಾವು ಈಗ ಡಾಕ್ಟರಿಗೂ ಕೊಡ್ತಿದ್ದೇವೆ. ಕೊಡಲಿ, ತಪ್ಪೇನಿಲ್ಲ. ಆದರೆ ಈ ವಿಮರ್ಶೆಗಳನ್ನೂ ಯಾರಾದರೂ ವಿಮರ್ಶೆ ಮಾಡಬೇಕಲ್ಲ? ಚಿಕ್ಕಪ್ಪನ ಮಗನಿಗೆ ಕಿಡ್ನಿ ಸ್ಟೋನ್ ಅಂತ ಗೊತ್ತಾದಾಗ ಬನಶಂಕರಿ, ಜಯನಗರದ ಸುತ್ತಮುತ್ತ ಇರುವ ಯೂರಾಲಜಿಸ್ಟ್‌ಗಳ ಬಗ್ಗೆ ಜನ ಬರೆದಿದ್ದನ್ನೆಲ್ಲ ಎರಡು ಸಂಜೆ ಕೂತು ಓದಿದೆ. ಇದು ಆ ಸಾಹಿತ್ಯದ ಬಗ್ಗೆ ನನ್ನ ಅಭಿಪ್ರಾಯ.

ಈ ಪ್ರಕಾರದಲ್ಲಿ ಇರೋದು ಎರಡೇ ರಸ: ಭಕ್ತಿ ಮತ್ತು ರೌದ್ರ. ಐದು ಸ್ಟಾರಿನವರಿಗೆ ಡಾಕ್ಟರು ದೇವರು, ತಾಳ್ಮೆಯಿಂದ ಕೇಳಿಸಿಕೊಂಡರು, ನಗುನಗುತ್ತಾ ಮಾತಾಡಿದರು. ಒಂದು ಸ್ಟಾರಿನವರಿಗೆ ಏಳು ಗಂಟೆ ಅಪಾಯಿಂಟ್‌ಮೆಂಟು ಒಂಬತ್ತಕ್ಕೆ ಸಿಕ್ಕಿದ್ದು, ರಿಸೆಪ್ಷನ್‌ನಲ್ಲಿ ಗದರಿದ್ದು, ಕಾರು ನಿಲ್ಲಿಸಲು ಜಾಗ ಇಲ್ಲದ್ದು. ಕಲ್ಲು ಎಷ್ಟು ದೊಡ್ಡದಿತ್ತು, ಎಲ್ಲಿ ಕೂತಿತ್ತು, ಡಾಕ್ಟರು ಯಾವ ದಾರಿ ಆರಿಸಿಕೊಂಡರು, ಯಾಕೆ? ಒಂದಕ್ಷರ ಇಲ್ಲ. ನಾಟಕ ನೋಡಿ ಬಂದು ಕುರ್ಚಿಯ ಬಗ್ಗೆ ಮಾತ್ರ ಬರೆದಂತೆ.

ಎರಡನೇ ದೋಷ ಕಾಲದ್ದು. ರಿವ್ಯೂ ಹುಟ್ಟುವುದು ಡಿಸ್ಚಾರ್ಜ್ ಆದ ಖುಷಿಯಲ್ಲಿ. ಆದರೆ ಕಲ್ಲು ತೆಗೆದ ಮೇಲೆ ಎಷ್ಟೋ ಸಲ ಕಿಡ್ನಿಯಿಂದ ಮೂತ್ರಚೀಲದವರೆಗೆ ಡಿಜೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿರುತ್ತಾರೆ. ಅದನ್ನು ಹೇಳಿದ ದಿನಕ್ಕೆ ತೆಗೆಸಲೇಬೇಕು. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟಿಕೊಂಡು ಕಿಡ್ನಿಗೇ ಪೆಟ್ಟು ಬೀಳಬಹುದು. "ಸ್ಟೆಂಟ್ ತೆಗೆಸೋಕೆ ಬನ್ನಿ" ಅಂತ ತಾವಾಗೇ ಫೋನ್ ಮಾಡುವ ಆಸ್ಪತ್ರೆ ಯಾವುದು? ನನಗೆ ಬೇಕಿದ್ದ ಈ ಮಾಹಿತಿ ಒಂದು ರಿವ್ಯೂನಲ್ಲೂ ಸಿಗಲಿಲ್ಲ.

ಮೂರನೆಯದು ಇನ್ನೂ ಗಂಭೀರ. ಮೂತ್ರನಾಳದಲ್ಲಿರುವ 5 ಎಂಎಂಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗೇ ಹೊರಬೀಳುತ್ತವೆ. ಹಾಗಾಗಿ ಎಷ್ಟೋ ಸಲ ಒಳ್ಳೆಯ ಸರ್ಜನ್ನಿನ ಜಾಣತನ ಇರೋದು ಕಾಯುವುದರಲ್ಲಿ. ನಮ್ಮ ಹುಡುಗನದ್ದು 4 ಎಂಎಂ. 4.9 ರೇಟಿಂಗಿನ ಜಾಗದಲ್ಲಿ "ನಾಳೆನೇ ಅಡ್ಮಿಟ್ ಆಗಿ" ಅಂದರು. ಅದಕ್ಕಿಂತ ಕಮ್ಮಿ ರೇಟಿಂಗಿನ ಇನ್ನೊಬ್ಬರು ಸ್ಕ್ಯಾನ್ ನೋಡಿ, ನೋವಿಗೆ ಮಾತ್ರೆ ಬರೆದು, ಎರಡು ವಾರ ಬಿಟ್ಟು ಬರಲು ಹೇಳಿ, ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಒಂದು ಗಂಟೆನೂ ಕಾಯಬೇಡಿ ಅಂತ ಎಚ್ಚರಿಸಿ ಕಳಿಸಿದರು. ಹನ್ನೆರಡನೇ ದಿನ ಕಲ್ಲು ಬಿತ್ತು. ಇಂಥವರ ಪುಟದಲ್ಲಿ ಯಾರೋ ಬರೆದಿದ್ದಾರೆ, "ಏನೂ ಮಾಡಲಿಲ್ಲ, ಬರೀ ಮಾತ್ರೆ ಕೊಟ್ಟರು." ಎರಡು ಸ್ಟಾರು! ಮಾಡದೇ ಇದ್ದ ಆಪರೇಷನ್ನಿಗೆ ಕೃತಜ್ಞತೆ ಹೇಳುವ ಭಾಷೆ ನಮಗಿನ್ನೂ ಬಂದಿಲ್ಲ.

ಇನ್ನು ಮೌನ. ಕಲ್ಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅದರಲ್ಲಿ ನಾಚಿಕೆ ಇಲ್ಲ. ನಿಮಿರುವಿಕೆಯ ತೊಂದರೆ, ಮಕ್ಕಳಾಗದಿರುವುದು, ಕೆಮ್ಮಿದರೆ ಮೂತ್ರ ಜಾರುವುದು, ಅಪ್ಪನ ಪ್ರಾಸ್ಟೇಟು, ಇವುಗಳ ಬಗ್ಗೆ ಸ್ವಂತ ಹೆಸರು, ಫೋಟೋ ಹಾಕಿ ಯಾರು ಬರೆದಾರು? ಯೂರಾಲಜಿಸ್ಟ್ ಅಂದ್ರೆ ಗಂಡಸರ ಡಾಕ್ಟರು ಅನ್ನೋ ಭ್ರಮೆಯಲ್ಲಿ ಹೆಂಗಸರು ಆ ಕಡೆ ಹೋಗೋದೇ ಕಮ್ಮಿ. ಅಂದರೆ ನಾವು ನೋಡುವ ರೇಟಿಂಗು ಹೇಳಿಕೊಳ್ಳಬಹುದಾದ ಕಾಯಿಲೆಗಳ ರೇಟಿಂಗು ಮಾತ್ರ.

ಲಿಸ್ಟಿನ ಮೇಲ್ತುದಿಯಲ್ಲಿ "ಪ್ರಾಯೋಜಿತ" ಅಂತ ಸಣ್ಣಕ್ಷರದಲ್ಲಿ ಇರುವವರದ್ದು ಬೇರೆ ಕಥೆ. 2002ರ ವೈದ್ಯರ ನಡವಳಿಕೆ ನಿಯಮಗಳ ಪ್ರಕಾರ ಡಾಕ್ಟರು ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯುವಂತಿಲ್ಲ, ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವಂತೆಯೂ ಇಲ್ಲ. ನಿಯಮ ಇದೆ, ಲಿಸ್ಟೂ ಇದೆ!

ಹಾಗಾದ್ರೆ ಹೇಗೆ ಆರಿಸೋದು ಮಾರಾಯ್ರೆ? ಮೊದಲು ಬೋರ್ಡು ಓದಿ. ಎಂಬಿಬಿಎಸ್, ಎಂಎಸ್ ಆದ ಮೇಲೆ ಯೂರಾಲಜಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ ಇರಬೇಕು. ನೆಫ್ರಾಲಜಿಸ್ಟ್ ಬೇರೆ: ಅವರು ಕಿಡ್ನಿ ಕಾಯಿಲೆಗೆ ಔಷಧಿ, ಡಯಾಲಿಸಿಸ್ ನೋಡುವವರು, ಸರ್ಜನ್ ಅಲ್ಲ. ರಿಜಿಸ್ಟ್ರೇಷನ್ ನಂಬರನ್ನು ಮೆಡಿಕಲ್ ಕೌನ್ಸಿಲ್ ಪಟ್ಟಿಯಲ್ಲಿ ತಾಳೆ ನೋಡಿ. ಒಳಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ: ಈಗ ಏನೂ ಮಾಡದಿದ್ದರೆ ಏನಾಗುತ್ತೆ? ಬೇರೆ ದಾರಿ ಏನಿದೆ? ಆಪರೇಷನ್ ನೀವೇ ಮಾಡ್ತೀರಾ, ಇಂಥದ್ದು ಎಷ್ಟು ಮಾಡಿದ್ದೀರಿ? ಸ್ಟೆಂಟ್ ಹಾಕಿದರೆ ಯಾವತ್ತು ತೆಗೀತೀರಿ, ಅದರ ಖರ್ಚು ಇದರಲ್ಲೇ ಸೇರಿದೆಯಾ? ಸಿಡುಕದೆ ಉತ್ತರಿಸಿದರೆ ಅದೇ ಐದು ಸ್ಟಾರು. ಅನುಮಾನ ಇದ್ದರೆ ಇನ್ನೊಬ್ಬರನ್ನು ಕೇಳಿ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯುರಾಲಜಿ ಸಂಸ್ಥೆ ಇದೆ; ನಮ್ಮ ಐಟಿ ಮಂದಿಯ ಹುಡುಕಾಟದಲ್ಲಿ ಅದರ ಹೆಸರು ಬರೋದೇ ಅಪರೂಪ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರಂತೂ ರೇಟಿಂಗ್ ನೋಡುತ್ತಾ ಕೂರಬೇಡಿ, ಸಿಕ್ಕ ಯೂರಾಲಜಿಸ್ಟ್ ಹತ್ತಿರ ಬೇಗ ಹೋಗಿ. ಅದು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು.

ನೀವು ರಿವ್ಯೂ ಬರೆಯುವವರಾದರೆ ಒಂದು ಕೋರಿಕೆ. ಮೂರು ತಿಂಗಳು ಬಿಟ್ಟು ಬರೆಯಿರಿ. ಏನು ಕಾಯಿಲೆ, ಡಾಕ್ಟರು ಯಾವ ಯಾವ ದಾರಿ ಹೇಳಿದರು, ಬಿಲ್ ಮೊದಲು ಹೇಳಿದಷ್ಟೇ ಬಂತಾ, ಈಗ ಹೇಗಿದ್ದೀರಿ ಅಂತ ಬರೆಯಿರಿ. ಹೆಸರು ಹಾಕೋಕೆ ಸಂಕೋಚವಾದರೆ ಆಫೀಸಿನ ಗೆಳೆಯನಿಗೆ ಕಾಫಿ ಕುಡಿಯುವಾಗ ಬಾಯಲ್ಲಿ ಹೇಳಿ. ಪಾರ್ಕಿಂಗ್ ವಿಷಯ ಕೊನೆಗಿರಲಿ.