ಫಾರ್ವರ್ಡಿನಲ್ಲಿ ಬಿಟ್ಟುಹೋದ ಭಯ

ಮನೆಮಂದಿಯಲ್ಲಿ ಯಾರಿಗಾದರೂ ಜ್ವರ ಅಂದ್ರೆ ಸಾಕು, ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕ್ತಾರೆ: ಗಾಂಧೀಜಿ ಮಗನ ಟೈಫಾಯ್ಡನ್ನು ಬರೀ ನೀರಿನಿಂದ ವಾಸಿ ಮಾಡಿದರು, ನಮಗ್ಯಾಕೆ ಮಾತ್ರೆ? ಹೋದ ತಿಂಗಳು ಅಣ್ಣನ ಮಗನಿಗೇ ಟೈಫಾಯ್ಡ್ ಅಂತಾದಾಗ ಅದು ಮತ್ತೆ ಬಂತು. ಈ ಸಲ ಸುಮ್ಮನಿರೋಕೆ ಆಗಲಿಲ್ಲ. ಆತ್ಮಕಥೆ ತೆಗೆದು ಆ ಅಧ್ಯಾಯ ಓದಿದೆ.

ಕಥೆ ಸುಳ್ಳಲ್ಲ. 1902, ಮುಂಬೈ. ಹತ್ತು ವರ್ಷದ ಮಣಿಲಾಲನಿಗೆ ಟೈಫಾಯ್ಡ್, ಜೊತೆಗೆ ನ್ಯುಮೋನಿಯಾ. ಗಾಂಧಿ ಜರ್ಮನಿಯ ಲೂಯಿ ಕೂನೆ ಹೇಳಿದ ಕಟಿಸ್ನಾನ ಮಾಡಿಸುತ್ತಾರೆ, ಸಲಕ್ಕೆ ಮೂರೇ ನಿಮಿಷ. ಕುಡಿಯಲು ನೀರು ಬೆರೆಸಿದ ಕಿತ್ತಳೆ ರಸ. ಜ್ವರ 104 ಮುಟ್ಟಿದಾಗ ಒದ್ದೆ ಬಟ್ಟೆ ಹಿಂಡಿ ಮೈಗೆ ಸುತ್ತಿ, ಮೇಲೆ ಕಂಬಳಿ ಹೊದಿಸುತ್ತಾರೆ. ಹುಡುಗ ಬೆವರುತ್ತಾನೆ, ಉಳಿಯುತ್ತಾನೆ.

ಆದರೆ ಫಾರ್ವರ್ಡ್ ಮಾಡುವವರು ಕತ್ತರಿ ಹಾಕಿರೋದು ಸರಿಯಾದ ಜಾಗಕ್ಕೇ. ಔಷಧದಿಂದ ಹೆಚ್ಚೇನೂ ಆಗದು ಅಂತ ಮೊದಲು ಹೇಳಿದ್ದೇ ಡಾಕ್ಟರು. ಅವರು ಕೊಡಲು ಹೇಳಿದ್ದು ಮೊಟ್ಟೆ, ಕೋಳಿ ಸಾರು. ಗಾಂಧಿ ಬೇಡ ಅಂದದ್ದು ಅದನ್ನು. ಟೈಫಾಯ್ಡಿಗೆ ಆಂಟಿಬಯಾಟಿಕ್ ಬಂದದ್ದು 1940ರ ದಶಕದ ಕೊನೆಗೆ. ಇಲ್ಲದ ಮದ್ದನ್ನು ನಿರಾಕರಿಸೋದು ಹೇಗೆ? ಅಷ್ಟೇ ಅಲ್ಲ, ಆಗಾಗ ಬಂದು ನಾಡಿ, ಎದೆ ನೋಡಿ ಹೇಳಿ ಅಂತ ಅದೇ ಡಾಕ್ಟರನ್ನು ಕೇಳಿಕೊಂಡಿದ್ದರು. ನನ್ನ ಹುಚ್ಚನ್ನು ಮಕ್ಕಳ ಮೇಲೆ ಹೇರಲು ನನಗೇನು ಹಕ್ಕು ಅಂತ ತಳಮಳಿಸಿದ್ದರು. ಉಳಿಸಿದ್ದು ದೇವರ ದಯೆಯೋ, ನೀರೋ, ಪಥ್ಯವೋ, ಆರೈಕೆಯೋ ಅನ್ನೋದನ್ನೂ ಅವರವರ ನಂಬಿಕೆಗೇ ಬಿಟ್ಟಿದ್ದಾರೆ. ಅಧ್ಯಾಯದ ತುಂಬಾ ಒಬ್ಬ ಅಪ್ಪನ ಭಯ ಇದೆ. ಫಾರ್ವರ್ಡಿನಲ್ಲಿ ಅದರ ಸುಳಿವೂ ಇಲ್ಲ.

ಈ ಜಲಚಿಕಿತ್ಸೆ ಜನಪ್ರಿಯವಾದದ್ದು ಯಾಕೆ ಅನ್ನೋದೂ ಕುತೂಹಲದ ವಿಷಯವೇ. 19ನೇ ಶತಮಾನದ ಮೊದಲರ್ಧದಲ್ಲಿ ಸೈಲೀಷಿಯಾದ ಗ್ರೇಫೆನ್‌ಬರ್ಗ್ ಎಂಬ ಹಳ್ಳಿಯ ರೈತ ವಿನ್ಸೆಂಟ್ ಪ್ರೀಸ್‌ನಿಟ್ಸ್ ತಣ್ಣೀರು, ಒದ್ದೆ ಬಟ್ಟೆಯಿಂದ ಚಿಕಿತ್ಸೆ ಶುರುಮಾಡಿದ. ಆ ಕಾಲದ ವೈದ್ಯರು ರಕ್ತ ಹರಿಸುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು, ಪಾದರಸ ನುಂಗಿಸುತ್ತಿದ್ದರು. ಅವರ ಕೈಗೆ ಸಿಗದೆ ನೀರಲ್ಲಿ ಕೂತವನು ಚೇತರಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ನೀರಿನ ದೊಡ್ಡ ಗುಣ, ಅದು ಮಾಡದೇ ಇದ್ದ ಕೆಡುಕು. ಕೂನೆ ಹೊತ್ತಿಗೆ ಮಾತು ಬದಲಾಗಿತ್ತು: ರೋಗಗಳೆಲ್ಲ ಒಂದೇ, ಮೂಲವೂ ಒಂದೇ, ಹಾಗಾಗಿ ಉಪಾಯವೂ ಒಂದೇ. ನಾನು ತಕರಾರು ತೆಗೆಯೋದು ಇಲ್ಲಿ.

ಇದೇ ನೀರಿನ ಇನ್ನೊಂದು ಕಥೆಯನ್ನು ಯಾರೂ ಫಾರ್ವರ್ಡ್ ಮಾಡಲ್ಲ. 1849ರಲ್ಲಿ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಡಾಕ್ಟರ್ ಗಲ್ಲಿ ಬಳಿ ಜಲಚಿಕಿತ್ಸೆ ಪಡೆದು ಸುಧಾರಿಸಿಕೊಂಡ. ಆ ನಂಬಿಕೆಯಲ್ಲೇ 1851ರಲ್ಲಿ ಮಗಳು ಆ್ಯನಿಯನ್ನು ಅಲ್ಲಿಗೇ ಕರೆದೊಯ್ದ. ಅವಳಿಗೂ ಹತ್ತೇ ವರ್ಷ. ಏಪ್ರಿಲ್ 23ರಂದು ಅಲ್ಲೇ ತೀರಿಕೊಂಡಳು. ನೀರು ಅವಳನ್ನು ಕೊಂದಿತು ಅಂತ ನಾನು ಹೇಳ್ತಿಲ್ಲ. ಬೇರೆ ವೈದ್ಯರು ಉಳಿಸ್ತಿದ್ದರು ಅಂತಲೂ ಅಲ್ಲ. ಆದರೆ ಮಣಿಲಾಲನಿಂದ ನೀರು ಗೆದ್ದಿತು ಅನ್ನೋದಾದರೆ, ಆ್ಯನಿಯಿಂದ ಸೋತಿತು ಅನ್ನಬೇಕಲ್ವಾ? ಒಂದೊಂದೇ ಮಗುವಿನ ಕಥೆಯಿಂದ ಎರಡೂ ಸಾಬೀತಾಗಲ್ಲ. ಪುರಾವೆಯನ್ನು ವರ್ಷಗಟ್ಟಲೆ ತೂಗಿ ನೋಡುತ್ತಿದ್ದ ಡಾರ್ವಿನ್ನನೇ ಇಲ್ಲಿ ಬಿಡಿಸಿಕೊಳ್ಳಲಿಲ್ಲ. 1859ರ ನವೆಂಬರಿನಲ್ಲಿ ಅವನ ಮಹಾಕೃತಿ ಪ್ರಕಟವಾದಾಗ ಅವನಿದ್ದದ್ದು ಇಲ್ಕ್‌ಲೀ ಎಂಬ ಊರಿನ ಜಲಚಿಕಿತ್ಸೆಯಲ್ಲಿ!

ಹಾಗಾಗಿ ಚಿಕ್ಕಪ್ಪನನ್ನು ಗೇಲಿ ಮಾಡೋಕೆ ಮನಸ್ಸು ಬರಲ್ಲ. ಅಣ್ಣನ ಮಗನಿಗೆ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮಾಡಿಸಿದೆವು. ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಚಿಕ್ಕಪ್ಪನೇ. ಹುಡುಗ ಈಗ ಸ್ಕೂಲಿಗೆ ಹೋಗ್ತಿದಾನೆ. ಗ್ರೂಪಿನಲ್ಲಿ ಕ್ರೆಡಿಟ್ಟು ಯಾವುದಕ್ಕೆ ಹೋಯ್ತು ಅಂತ ನೀವೇ ಊಹಿಸಿ.