ಹಾರುವ ಹಳೆಯ ವಿಮಾನ, ಕಾಣದ ಕೈಗಳು

ನಾಟಕಕ್ಕೆ ವಿಮರ್ಶೆ ಉಂಟು, ಸಂಗೀತ ಕಚೇರಿಗೂ ಉಂಟು. ವೈಮಾನಿಕ ಪ್ರದರ್ಶನಗಳಲ್ಲಿ ಹಳೆಯ ಯುದ್ಧವಿಮಾನ ಹಾರಿದಾಗ ಮಾತ್ರ ನಾವು ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ವಸ್ತುಸಂಗ್ರಹಾಲಯದಲ್ಲಿ ನಿಂತ ವಿಮಾನಕ್ಕಿಂತ ಹಾರುವ ವಿಮಾನ ಮನಸ್ಸಿಗೆ ಬೇಗ ತಾಗುತ್ತದೆ, ನಿಜ. ಆದ್ದರಿಂದಲೇ ಅದು ಹೇಳುವ ಕಥೆ ಸರಿಯಾಗಿರಬೇಕು.

ನಮ್ಮ ವಾಯುಪಡೆಯ ‘ಪರಶುರಾಮ’ ಎಂಬ ಡಕೋಟವನ್ನೇ ನೋಡೋಣ. ಗುಜರಿ ಸೇರಲಿದ್ದ ಇದನ್ನು ರಾಜೀವ್ ಚಂದ್ರಶೇಖರ್ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಒಪ್ಪಿಸಿದರು. ಅವರ ತಂದೆ ಡಕೋಟ ಹಾರಿಸಿದವರು. 2021ರ ಗಣರಾಜ್ಯೋತ್ಸವದಲ್ಲಿ ಎರಡು ಎಂಐ-17 ಹೆಲಿಕಾಪ್ಟರುಗಳೊಡನೆ ಅದು ದೆಹಲಿಯಲ್ಲಿ ಹಾರಿತು. ಅದರ ಮೈಮೇಲಿರುವ ವಿಪಿ 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನೊಯ್ದ ಡಕೋಟದ್ದು. ಸಂಖ್ಯೆ ಸ್ಮರಣಾರ್ಥವಾದದ್ದು, ವಿಮಾನ ಬೇರೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ವಾಡಿಕೆಯೇ. ಆದರೆ ಮೊಮ್ಮಗನನ್ನೇ ಅಜ್ಜನೆಂದು ಪರಿಚಯಿಸಬಾರದಷ್ಟೆ.

ಇನ್ನೊಂದು ಉದಾಹರಣೆ ಕನ್ನಡ ನಾಡಿಗೆ ಹತ್ತಿರದ್ದು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷರು ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. ಅವಕ್ಕೆ ಮರುಜೀವ ಕೊಟ್ಟದ್ದು ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್. ಸೋಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ತೆರೆದ ಕಾರ್ಖಾನೆ ಅದು. ಹಾರುವಷ್ಟು ಮಾತ್ರ ತೇಪೆ ಹಾಕಿದ ವಿಮಾನಗಳನ್ನು ಜಮ್‌ಶೆಡ್ ಮುನ್ಷಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿಯ ಕೆಲಸಗಾರರು ಸಜ್ಜುಗೊಳಿಸಿದ ಮೇಲೆ ಅವು 1968ರ ವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಅವುಗಳಲ್ಲೊಂದು ಬ್ರಿಟನ್ನಿನ ಮೂಲಕ ಅಮೆರಿಕಕ್ಕೆ ಹೋಗಿ, 1989ರಿಂದ ಹಲವು ವರ್ಷ ಅಲ್ಲಿಯ ಪ್ರದರ್ಶನಗಳಲ್ಲಿ ಹಾರಿತು. ಮೈಮೇಲಿದ್ದ ಬಣ್ಣ, ಹೆಸರು ಅಮೆರಿಕದ ಯುದ್ಧಕಾಲದ ವಿಮಾನಗಳವು. ಇಪ್ಪತ್ತು ವರ್ಷದ ಭಾರತದ ಸೇವೆಗೆ ಆ ಬಣ್ಣದಲ್ಲಿ ಜಾಗವಿರಲಿಲ್ಲ.

ಮನ್ಮಾಡಿನಲ್ಲಿರುವ ನಮಗೆ ಇದು ದೂರದ ಮಾತಲ್ಲ. ಇಲ್ಲಿಯ ರೈಲ್ವೆ ಕಾರ್ಖಾನೆಯಲ್ಲಿ ಸೇತುವೆಗಳ ಗರ್ಡರುಗಳು ತಯಾರಾಗುತ್ತವೆ. ಸೇತುವೆ ದಾಟುವವರು ಆ ಕೈಗಳನ್ನು ನೆನೆಯುವುದಿಲ್ಲ. ನಾಸಿಕದ ದಾರಿಯಲ್ಲಿರುವ ಓಝರಿನ ಕಾರ್ಖಾನೆ ಮಿಗ್-21 ತಯಾರಿಸಲೆಂದೇ 1964ರಲ್ಲಿ ಆರಂಭವಾಯಿತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಆ ವಿಮಾನಕ್ಕೆ ವಿದಾಯ ಹೇಳಲಾಯಿತು. ಮುಂದೆಂದಾದರೂ ನೆನಪಿಗಾಗಿ ಒಂದನ್ನು ಹಾರಿಸುವುದಾದರೆ, ಧ್ವನಿವರ್ಧಕದಲ್ಲಿ ಪೈಲಟ್ಟಿನ ಹೆಸರಿನೊಡನೆ ಇಷ್ಟನ್ನಾದರೂ ಹೇಳಲಿ: ಎಲ್ಲಿ ತಯಾರಾಯಿತು, ಯಾರು ದುರಸ್ತಿ ಮಾಡಿದರು, ಮೈಮೇಲಿನ ಸಂಖ್ಯೆ ಯಾವ ವಿಮಾನದ್ದು. ಎರಡು ನಿಮಿಷ ಸಾಕು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಆಕಾಶ ನೋಡುತ್ತ ಬೆಂಗಳೂರಿನ, ಓಝರಿನ ಕೆಲಸಗಾರರ ವಿಷಯವನ್ನೂ ಕೇಳಿಸಿಕೊಳ್ಳಲಿ.