ಹಿತ್ತಲ ಬೇಲಿಯ ಹಳೆ ಸೀರೆ

ಬಾಗಲಕೋಟೆಯಿಂದ ವಿಜಯಪುರದ ಕಡೆ ಹೊರಟರೆ ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆ ಸಿಗುತ್ತದೆ. ಆಲಮಟ್ಟಿಯ ಹಿನ್ನೀರು ಇಲ್ಲಿಯತನಕ ಬಂದು ನಿಲ್ಲುತ್ತದೆ. ನೀರಿನ ದಂಡೆಗೆ ಕಬ್ಬು, ಕಬ್ಬಿನ ಮಗ್ಗುಲಿಗೆ ಮನೆ, ಮನೆಯ ಹಿಂದೆ ನಾಲ್ಕು ಮಡಿ ಬದನೆ, ಮೆಂತ್ಯೆ, ಚಪ್ಪರಕ್ಕೆ ಹಬ್ಬಿದ ಹೀರೆ. ಇಂಥ ಹಿತ್ತಲನ್ನು ಹಂದಿ, ಮಂಗ, ನವಿಲು, ಮೊಲಗಳಿಂದ ಕಾಯಲು ನಮ್ಮ ಜನ ಏನೇನು ಮಾಡುತ್ತಾರೆ, ಅದರಲ್ಲಿ ಯಾವುದು ನಿಲ್ಲುತ್ತದೆ ಎಂದು ಒರೆಗೆ ಹಚ್ಚಿ ನೋಡಬೇಕಾದ ಹೊತ್ತಿದು.

ಮೊದಲು ಹಳೆ ಸೀರೆ. ಗೂಟದಿಂದ ಗೂಟಕ್ಕೆ ಕಟ್ಟಿ ಸುತ್ತ ಸೀರೆ ಎಳೆಯುವುದು ಕರ್ನಾಟಕದ ಯಾವ ಮೂಲೆಗೆ ಹೋದರೂ ಕಾಣುವ ಬೇಲಿ. ಇದನ್ನು ಬಡವರ ಬೇಲಿ ಎಂದು ಹಗುರವಾಗಿ ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕಾಡುಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಉಟ್ಟ ಸೀರೆಯಲ್ಲಿ ಮನುಷ್ಯರ ವಾಸನೆ ಇರುತ್ತದೆ, ಗಾಳಿಗೆ ಅದು ಪಟಪಟ ಬಡಿಯುತ್ತದೆ, ಆಚೆ ಏನಿದೆ ಎಂಬುದನ್ನು ಮರೆಮಾಡುತ್ತದೆ. ಒಂದೇ ಬಟ್ಟೆಯಲ್ಲಿ ಮೂರು ಕೆಲಸ. ಆದರೆ ಎರಡು ಮಳೆ ಬಿದ್ದು ನಾಲ್ಕು ದಿನ ಬಿಸಿಲು ಹೊಡೆದರೆ ವಾಸನೆ ಹೋಯಿತು. ಏನೂ ಆಗುವುದಿಲ್ಲ ಎಂದು ಒಂದು ಸಲ ತಿಳಿದ ಹಂದಿ ಸೆರಗನ್ನು ಮೂತಿಯಿಂದಲೇ ಎತ್ತಿ ಒಳಗೆ ನುಗ್ಗುತ್ತದೆ. ಬಿತ್ತಿದ ದಿನ ಕಟ್ಟಿ ಸುಗ್ಗಿಯತನಕ ಮರೆತುಬಿಡುವುದೇ ಈ ಬೇಲಿಯ ದೊಡ್ಡ ತಪ್ಪು. ಕಾಯಿ ಹಿಡಿಯುವ ಹೊತ್ತಿಗೆ ಕಟ್ಟಿ, ವಾರಕ್ಕೊಮ್ಮೆ ಜಾಗ ಬದಲಿಸಿ, ಬುಡಕ್ಕೆ ಜಾಲಿಯ ಮುಳ್ಳುಕಂಟಿ ಒತ್ತಿದವರ ಮಡಿ ಉಳಿಯುತ್ತದೆ. ಕಬ್ಬು ಕಡಿಯುವ ತಿಂಗಳುಗಳಲ್ಲಂತೂ ಎಚ್ಚರ ಹೆಚ್ಚು ಬೇಕು. ಕಬ್ಬಿನೊಳಗೆ ಮಲಗಿದ್ದ ಹಂದಿಗೆ ಫಡ ಖಾಲಿಯಾದ ದಿನ ನೆರಳೂ ಇಲ್ಲ, ಮೇವೂ ಇಲ್ಲ. ಅದು ಹಿತ್ತಲಿಗೇ ಬರುತ್ತದೆ.

ಈಗ ಪೇಟೆಯಲ್ಲಿ ಸುಲಭವಾಗಿ ಸಿಗುವುದು ನೈಲಾನ್ ಬಲೆ. ಹಕ್ಕಿಗೆ ಅದು ನಿಜಕ್ಕೂ ಅಡ್ಡಿ. ನವಿಲು ಸಸಿಯ ತುದಿ ಕುಕ್ಕುವುದು, ಟೊಮೆಟೊಗೆ ತೂತು ಹಾಕುವುದು ನಿಲ್ಲುತ್ತದೆ. ಆದರೂ ನೆಲಕ್ಕೆ ಸಡಿಲವಾಗಿ ಇಳಿಬಿಟ್ಟ ಬಲೆಯನ್ನು ನಾನು ಒಪ್ಪಲಾರೆ. ಅದರಲ್ಲಿ ಸಿಕ್ಕಿದ ಕೇರೆಹಾವನ್ನು ಕತ್ತರಿಯಿಂದ ಬಿಡಿಸಿದ್ದೇನೆ. ಹಾವಿನ ಹುರುಪೆ ಬಾಲದ ಕಡೆಗೆ ಬಾಗಿರುತ್ತದೆ. ತಲೆ ತೂರಿಸಿದ ಮೇಲೆ ಹಿಂದೆ ಸರಿಯಲು ಹೋದರೆ ದಾರ ಹುರುಪೆಗೆ ಸಿಕ್ಕಿ ಮೈ ಕೊಯ್ಯುತ್ತದೆ. ಹಿತ್ತಲಿನ ಇಲಿ ಹಿಡಿಯುವುದು ಆ ಕೇರೆಯೇ. ಬಲೆ ಬೇಕೇ ಬೇಕೆಂದರೆ ಚೌಕಟ್ಟಿಗೆ ಬಿಗಿಯಾಗಿ ಎಳೆದು, ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಬೇಕು, ದಿನಾ ಎರಡು ಹೊತ್ತು ನೋಡಬೇಕು.

ಮನೆಯ ಲೈನಿನಿಂದ ನೇರ ತಂತಿ ಎಳೆಯುವುದರ ಬಗ್ಗೆ ತೂಗಿ ನೋಡುವ ಮಾತೇ ಇಲ್ಲ. ಅದು ಕೊಲೆಯ ಸಾಧನ. ಕತ್ತಲಲ್ಲಿ ಬಯಲಕಡೆಗೆ ಹೋದ ನೆರೆಯವರನ್ನೂ ಅದು ಬಿಡುವುದಿಲ್ಲ. ಸೋಲಾರ್ ಝಟಕಾ ಬೇಲಿಯೊಂದಿಗೆ ಅದನ್ನು ಸೇರಿಸಿ ಮಾತಾಡುವುದು ತಪ್ಪು: ಝಟಕಾ ಕ್ಷಣ ಮಾತ್ರ ಹೊಡೆದು ಬಿಡುತ್ತದೆ, ಲೈನಿನ ಕರೆಂಟು ಹಿಡಿದುಕೊಳ್ಳುತ್ತದೆ. ಝಟಕಾ ಬೇಲಿಗೂ ತಂತಿಗೆ ಹುಲ್ಲು ತಾಗದಂತೆ ಸವರುತ್ತಿರಬೇಕು, ಇಲ್ಲದಿದ್ದರೆ ಕರೆಂಟು ನೆಲಕ್ಕೆ ಇಳಿದು ಬೇಲಿ ಬರೀ ತಂತಿಯಾಗುತ್ತದೆ.

ಮುಧೋಳ ಮಗ್ಗುಲಲ್ಲೇ ಇರುವಾಗ ನಾಯಿಯ ಮಾತು ಬಂದೇ ಬರುತ್ತದೆ. ತಾಲ್ಲೂಕಿನ ತಿಮ್ಮಾಪುರದಲ್ಲಿ ಮುಧೋಳ ನಾಯಿಯ ತಳಿಗೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ತಳಿಯ ಮೇಲೆ ನನಗೆ ತುಂಬು ಪ್ರೀತಿ. ಆದರೆ ಇದು ಕಣ್ಣಿನಿಂದ ಬೇಟೆ ಕಂಡು ಓಡುವ ನಾಯಿ. ಹಿತ್ತಲಿಗೆ ಬೇಕಾದದ್ದು ರಾತ್ರಿ ಬೊಗಳುವ ನಾಯಿ. ಮೇಲಾಗಿ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹಬ್ಬಿದ ಯಡಹಳ್ಳಿಯ ಚಿಂಕಾರ ವನ್ಯಜೀವಿಧಾಮ, 2016ರಲ್ಲಿ ಘೋಷಣೆಯಾದದ್ದು, ಇಲ್ಲಿಂದ ದೂರವಿಲ್ಲ. ಅಂಥ ಸೀಮೆಯಲ್ಲಿ ಬೇಟೆನಾಯಿಯನ್ನು ಬಿಚ್ಚಿಬಿಟ್ಟರೆ ಬದನೆ ಉಳಿಸಲು ಹೋಗಿ ಚಿಂಕಾರ ಕಳೆದುಕೊಂಡಂತೆ.

ಮಂಗನ ಮುಂದೆ ಇವೆಲ್ಲ ಸೋಲುತ್ತವೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟ ಕಾಯಿಸಿದ್ದು ದೊಡ್ಡ ಸುದ್ದಿಯಾಯಿತು. ಅದಕ್ಕೂ ಮೊದಲು ಅವರು ಹುಲಿಗೊಂಬೆ ನಿಲ್ಲಿಸಿದ್ದರು, ಅದರ ಬಣ್ಣ ಮಾಸಿತ್ತು. ಓಡಾಡುವ ಹುಲಿ ಬೇಕು ಎಂದು ಅವರು ಕಂಡುಕೊಂಡದ್ದರಲ್ಲಿ ನಿಜವಾದ ತಿಳಿವಳಿಕೆ ಇದೆ. ಅಲುಗದ ಬೆದರುಗೊಂಬೆ ಮಂಗನಿಗೆ ವಾರದೊಳಗೆ ಮರದ ಕೊಂಬೆಯಷ್ಟೇ ಪರಿಚಿತ. ಇನ್ನು ಮಂಗನನ್ನು ಹಿಡಿದು ಮುಂದಿನ ಊರಿನ ಗುಡ್ಡಕ್ಕೆ ಬಿಡುವುದು ನಮ್ಮ ಕಷ್ಟವನ್ನು ನೆರೆಯವರ ಹಿತ್ತಲಿಗೆ ದಾಟಿಸುವ ಕೆಲಸ. 2022ರ ತಿದ್ದುಪಡಿಯ ಬಳಿಕ ನಮ್ಮ ಊರಮಂಗ ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾರೂ ಕೈ ಹಾಕುವಂತಿಲ್ಲ.

ಇಷ್ಟನ್ನು ನೋಡಿದ ಮೇಲೆ ನನ್ನ ಮನಸ್ಸು ಹಿಂಗಾರಿ ಜೋಳದ ಹೊಲದ ಅಂಚಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ನಾಲ್ಕು ಸಾಲು ಕುಸುಬೆ ಬಿತ್ತುವುದು ನಮ್ಮ ಹಿರಿಯರ ರೂಢಿ. ಎಳೆಯದಿದ್ದಾಗ ಅದು ಪಲ್ಲೆ, ಬಲಿತ ಮೇಲೆ ದನ ಮೂತಿ ಹಾಕದ ಮುಳ್ಳು, ಕೊನೆಗೆ ಗಾಣಕ್ಕೆ ಹೋಗುವ ಕಾಳು. ಕುಸುಬೆ ಮಂಗನನ್ನು ತಡೆಯದು, ನಿಜ. ಆದರೆ ಬೇಲಿಯನ್ನೂ ಬೆಳೆಯಂತೆಯೇ ದಿನಾ ನೋಡಿಕೊಳ್ಳುವ ಆ ಕ್ರಮವನ್ನು ಹಿತ್ತಲಿಗೂ ತರಬಹುದು. ಮಂಗ ಅಷ್ಟಾಗಿ ಇಷ್ಟಪಡದ ಹಾಗಲವನ್ನು ಹೊರಗಿನ ಬೇಲಿಗೆ ಹಬ್ಬಿಸಿ, ಟೊಮೆಟೊ, ಸೌತೆಯನ್ನು ಅಡುಗೆಮನೆಯ ಬಾಗಿಲ ಮುಂದೆಯೇ ಹಾಕುವುದು. ಟೊಮೆಟೊ ಬಣ್ಣ ತಿರುಗಿದ ಕೂಡಲೇ, ಗಿಡದಲ್ಲೇ ಕೆಂಪಾಗಲೆಂದು ಕಾಯದೆ, ಸಂಜೆಯೇ ಕಿತ್ತು ಬುಟ್ಟಿಯಲ್ಲಿ ಇಡುವುದು. ಅಲ್ಲಿಯೂ ಅದು ಹಣ್ಣಾಗುತ್ತದೆ. ಬೆಳಗ್ಗೆ ಬರುವ ಮಂಗನಿಗೆ ಗಿಡದಲ್ಲಿ ಸಿಗುವುದು ಹಸಿರು ಕಾಯಿ ಮಾತ್ರ.